ಹುಡುಕಿದರೆ ಸಿಗದ ‘ಕೊಂಕಣ’: ಡೇಟಾಬೇಸನ್ನೇ ಬದಲಿಸಬೇಕಾ?

ಪ್ರಶ್ನೆ: ನಾನು ಡೊಂಬಿವಲಿಯವಳು. ನಮ್ಮ ಕನ್ನಡ ಸಂಘದ ಹಳೆಯ ವಾರ್ಷಿಕ ಸಂಚಿಕೆಗಳನ್ನು ಟೈಪ್ ಮಾಡಿಸಿ, ಎಕ್ಸ್‌ಎಂಎಲ್ (ಪಠ್ಯದ ಭಾಗಗಳಿಗೆ ಟ್ಯಾಗ್ ಎಂಬ ಹೆಸರುಪಟ್ಟಿ ಹಚ್ಚುವ ವಿಧಾನ) ಮಾಡಿ, ಎಕ್ಸಿಸ್ಟ್-ಡಿಬಿ ಎಂಬ ಎಕ್ಸ್‌ಎಂಎಲ್ ಡೇಟಾಬೇಸ್‌ಗೆ ಹಾಕಿದ್ದೇವೆ. ಸುಮಾರು 4,000 ಲೇಖನ, 900 ಲೇಖಕರು. ಮೊದಲ ಕಂತನ್ನು ನಾವೇ ಕೆಲವರು ಮನೆಯಲ್ಲಿ ಟೈಪ್ ಮಾಡಿದೆವು. ಎರಡನೆಯದನ್ನು ದಾದರ್‌ನ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆವು. ಮೂರನೆಯದನ್ನು ಸದಸ್ಯರೊಬ್ಬರ ಮಗ ಯಾವುದೋ ಎಕ್ಸ್‌ಎಂಎಲ್ ಎಡಿಟರ್‌ನಲ್ಲಿ ಮಾಡಿಕೊಟ್ಟ. ಈಗ ‘ಕೊಂಕಣ’ ಅಂತ ಹುಡುಕಿದರೆ ಕೆಲವು ಲೇಖನ ಬರುತ್ತವೆ, ಕೆಲವು ಬರುವುದಿಲ್ಲ. ಫೈಲ್ ತೆರೆದರೆ ಆ ಪದ ಕಣ್ಣೆದುರೇ ಇದೆ. ಮೂರನೇ ಕಂತಿನಿಂದಂತೂ ಒಂದೂ ಬರುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ. ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಿದ ಮೇಲೂ ಒಂದೊಂದು ಹುಡುಕಾಟಕ್ಕೆ ಅರ್ಧ ನಿಮಿಷ ಬೇಕು. ಪರಿಚಯದ ಎಂಜಿನಿಯರ್ ಒಬ್ಬರು “ಎಕ್ಸ್‌ಎಂಎಲ್ ಡೇಟಾಬೇಸ್ ಹಳೇ ಕಾಲದ್ದು, ಅದಕ್ಕೆ ಕನ್ನಡ ಬರಲ್ಲ, ರ‍್ಯಾಮ್ ಜಾಸ್ತಿ ಮಾಡಿ, ಇಲ್ಲಾಂದ್ರೆ ಎಸ್‌ಕ್ಯೂಎಲ್‌ಗೆ ಹೋಗಿ” ಅನ್ನುತ್ತಾರೆ. ರಾಜ್ಯೋತ್ಸವದ ಹೊತ್ತಿಗೆ ಸದಸ್ಯರಿಗೆ ಹುಡುಕುವ ಪುಟ, ನಮಗೆ ಲೇಖನ ಸೇರಿಸುವ ಫಾರಂ ಆಗಬೇಕು. ಎಲ್ಲ ಬಿಟ್ಟು ಬೇರೆಯದಕ್ಕೆ ಹೋಗಬೇಕಾ?

ಉತ್ತರ: ಬೇಡ. ಕನಿಷ್ಠ ಈಗ ಬೇಡ. ಪುಣೆಯಲ್ಲಿ ಪ್ರಕಾಶಕರ ಎಕ್ಸ್‌ಎಂಎಲ್ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ನೀವು ಬರೆದದ್ದನ್ನು ಮತ್ತು ಜೊತೆಗೆ ಕಳಿಸಿದ ಫೈಲ್‌ಗಳನ್ನು ನೋಡಿದೆ. ನಿಮಗೆ ಇರುವುದು ಮೂರು ಬೇರೆ ಬೇರೆ ತೊಂದರೆ. ಮೂರೂ ಒಟ್ಟಿಗೆ ಬಂದಿದ್ದರಿಂದ ಒಂದೇ ದೊಡ್ಡ ರೋಗದ ಹಾಗೆ ಕಾಣುತ್ತಿದೆ. ಮೊದಲೆರಡು ನಿಮ್ಮ ಡೇಟಾದಲ್ಲಿವೆ, ಮೂರನೆಯದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆದ ರೀತಿಯಲ್ಲಿದೆ. ಡೇಟಾದ ತೊಂದರೆ ಸರಿಮಾಡದೆ ಎಸ್‌ಕ್ಯೂಎಲ್‌ಗೆ, ಅಂದರೆ ಕೋಷ್ಟಕಗಳ ಡೇಟಾಬೇಸ್‌ಗೆ, ಹೋದರೆ ಅದೂ ನಿಮ್ಮ ಜೊತೆಗೇ ಬರುತ್ತದೆ. ಅಲ್ಲೂ ‘ಕೊಂಕಣ’ ಅರ್ಧವೇ ಸಿಗುತ್ತದೆ.

ಮೊದಲು “ಕನ್ನಡ ಬರಲ್ಲ” ಅನ್ನುವ ಮಾತು. ಎಕ್ಸ್‌ಎಂಎಲ್ 1998ರಲ್ಲಿ ಡಬ್ಲ್ಯು3ಸಿ (ವೆಬ್ ಮಾನದಂಡಗಳ ಸಂಸ್ಥೆ) ಶಿಫಾರಸಾಗಿ ಬಂದಾಗಿನಿಂದಲೂ ನಿಂತಿರುವುದು ಯೂನಿಕೋಡ್ ಮೇಲೆ, ಅಂದರೆ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯ ಮೇಲೆ. ಪಠ್ಯ ಮಾತ್ರ ಅಲ್ಲ, ಟ್ಯಾಗ್‌ಗಳ ಹೆಸರೂ ಕನ್ನಡದಲ್ಲಿರಬಹುದು. ನೀವೇ <ಲೇಖನ>, <ಲೇಖಕ>, <ಶೀರ್ಷಿಕೆ>, <ಪಠ್ಯ> ಅಂತ ಇಟ್ಟಿದ್ದೀರಿ, ಅದು ಸರಾಗವಾಗಿ ನಡೆಯುತ್ತಿದೆ. ಇಂಥ ಕೆಲಸ ಮಾಡುವವರು ಸಾಮಾನ್ಯವಾಗಿ ಇಂಗ್ಲಿಷ್ ಟ್ಯಾಗ್ ಇಡುತ್ತಾರೆ. ನಿಮ್ಮ ಟ್ಯಾಗ್‌ಗಳನ್ನು ಸಂಘದ ಹಿರಿಯರೂ ಓದಿ ಅರ್ಥಮಾಡಿಕೊಳ್ಳಬಹುದು. ನನಗೆ ಅದು ತುಂಬ ಹಿಡಿಸಿತು.

ಈಗ ‘ಕೊಂಕಣ’ಕ್ಕೆ ಬರೋಣ. ನಮ್ಮ ಕಣ್ಣು ಅಕ್ಷರದ ಆಕಾರ ನೋಡುತ್ತದೆ. ಕಂಪ್ಯೂಟರ್ ನೋಡುವುದು ಸಂಖ್ಯೆ. ಆ ಸಂಖ್ಯೆಗಳನ್ನು ತೋರಿಸಲು ಎಕ್ಸ್‌ಕ್ವೆರಿ ಎಂಬ, ಕ್ವೆರಿ ಬರೆಯುವ ಭಾಷೆಯಲ್ಲಿ ಒಂದು ಫಂಕ್ಷನ್ ಇದೆ: ಸ್ಟ್ರಿಂಗ್-ಟು-ಕೋಡ್‌ಪಾಯಿಂಟ್ಸ್. (ಈ ಉತ್ತರದಲ್ಲಿ ಫಂಕ್ಷನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ಟ್ಯಾಗ್ ಮತ್ತು ವೇರಿಯಬಲ್ ಹೆಸರು ಕನ್ನಡದಲ್ಲೇ ಇರಲಿ.) ನಿಮ್ಮ ಫೈಲ್‌ಗಳಿಂದ ಆ ಪದವನ್ನೇ ಎತ್ತಿ ಇದಕ್ಕೆ ಕೊಟ್ಟೆ. ಬಂದದ್ದು ಹೀಗೆ:

ಮನೆಯಲ್ಲಿ ಟೈಪ್ ಮಾಡಿದ್ದು: 3221 3274 3202 3221 3235
ಡಿಟಿಪಿ ಅಂಗಡಿಯದ್ದು: 3221 3274 3302 3221 3235
ಮನೆಯದ್ದೇ ಇನ್ನೊಂದು ಫೈಲ್: 3221 3270 3266 3202 3221 3235

ಮೊದಲ ಎರಡು ಸಾಲಿನ ಮೂರನೇ ಸಂಖ್ಯೆ ನೋಡಿ. 3202 ಎಂದರೆ ಅನುಸ್ವಾರ, ‘ಂ’. 3302 ಎಂದರೆ ಕನ್ನಡದ ಸೊನ್ನೆ, ‘೦’. ಅಂಗಡಿಯವರು ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ್ದಾರೆ. ಹೆಚ್ಚಿನ ಫಾಂಟ್‌ಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು. ಮುಂಬಯಿಯಲ್ಲಿ ಇದು ನಾನು ಮತ್ತೆ ಮತ್ತೆ ನೋಡುವ ತೊಂದರೆ. ಅಲ್ಲಿನ ಡಿಟಿಪಿ ಆಪರೇಟರ್‌ಗಳಲ್ಲಿ ಅನೇಕರು ಮರಾಠಿಯವರು. ಕನ್ನಡ ಓದಲು ಬಾರದಿದ್ದರೂ ಅಕ್ಷರದ ಆಕಾರ ನೋಡಿ, ಬಹಳ ನಿಷ್ಠೆಯಿಂದ ಟೈಪ್ ಮಾಡುತ್ತಾರೆ. ಆಕಾರ ಸರಿಯಾಗಿಯೇ ಇದೆ. ಅದರ ಹಿಂದಿನ ಸಂಖ್ಯೆ ಬೇರೆ, ಅಷ್ಟೆ. ಅವರನ್ನು ದೂರಬೇಡಿ. ಕನ್ನಡಿಗರು ಟೈಪ್ ಮಾಡಿದ ಫೈಲ್‌ಗಳಲ್ಲೂ ಇದು ಬೇಕಾದಷ್ಟು ಇರುತ್ತದೆ.

ಮೂರನೇ ಸಾಲಿನ ಕಥೆ ಬೇರೆ. ಅಲ್ಲಿ ‘ೊ’ ಒಂದೇ ಗುರುತಾಗಿ ಕೂತಿಲ್ಲ. ‘ೆ’ ಮತ್ತು ‘ೂ’ ಎಂದು ಎರಡು ತುಂಡಾಗಿದೆ (3270, 3266). ಯೂನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಸಮ. ಆದರೆ ಸಂಖ್ಯೆಗೆ ಸಂಖ್ಯೆ ಹೋಲಿಸುವ ಕ್ವೆರಿಗೆ ಸಮ ಅಲ್ಲ. ‘ೀ’, ‘ೇ’, ‘ೈ’, ‘ೋ’ಗಳಿಗೂ ಹೀಗೇ ಆಗಬಹುದು. ಇದರ ಮದ್ದು ಸುಲಭ: ನಾರ್ಮಲೈಜ್-ಯೂನಿಕೋಡ್ ಎಂಬ ಫಂಕ್ಷನ್. ಅದು ತುಂಡುಗಳನ್ನು ಒಂದು ಮಾಡಿ ಎನ್‌ಎಫ್‌ಸಿ ಎಂಬ ರೂಪಕ್ಕೆ ತರುತ್ತದೆ. ಆದರೆ ಸೊನ್ನೆಯನ್ನು ಅದು ಮುಟ್ಟುವುದಿಲ್ಲ. ಅದರ ಲೆಕ್ಕಕ್ಕೆ ಸೊನ್ನೆ ಸೊನ್ನೆಯೇ, ಅನುಸ್ವಾರ ಅನುಸ್ವಾರವೇ.

ಎಲ್ಲ ‘೦’ಗಳನ್ನೂ ‘ಂ’ ಮಾಡಿಬಿಡೋಣ ಅಂತ ಕೈ ಹಾಕಬೇಡಿ. ‘೧೯೫೦’, ‘೧೦ ರೂಪಾಯಿ’ ಎಲ್ಲ ಕೆಡುತ್ತವೆ. ಅಕ್ಷರದ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನಷ್ಟೇ ಬದಲಿಸಬೇಕು:

ರಿಪ್ಲೇಸ್($ಸಾಲು, "([ಅ-ೌ])೦", "$1ಂ")

‘ಅ’ದಿಂದ ಔತ್ವದ ಚಿಹ್ನೆವರೆಗಿನ ಯಾವುದಾದರೂ ಒಂದು, ಅದರ ಹಿಂದೆಯೇ ಸೊನ್ನೆ ಇದ್ದರೆ, ಅದನ್ನು ಅನುಸ್ವಾರ ಮಾಡು ಎಂದು ಇದರ ಅರ್ಥ. ಮೊದಲು ನಾರ್ಮಲೈಜ್ ಮಾಡಿ, ಆಮೇಲೆ ಇದು. ತುಂಡಾದ ‘ೇ’, ‘ೋ’ಗಳ ಕೊನೆಯ ಗುರುತು ಈ ವ್ಯಾಪ್ತಿಯ ಹೊರಗೆ ಬೀಳುತ್ತದೆ. ಹಾಗಾಗಿ ಈ ಕ್ರಮ ತಪ್ಪಬಾರದು. ಬದಲಿಸುವ ಮುಂಚೆ ಯಾವ್ಯಾವ ಪದ ಬದಲಾಗಲಿದೆ ಎಂಬ ಪಟ್ಟಿ ತೆಗೆದು ಒಬ್ಬರು ಓದಿ. ‘ಸಂಪುಟ೦೧’ ಅಂತ ಜಾಗ ಬಿಡದೆ ಬರೆದ ಕಡೆ ಇದು ತಪ್ಪು ಮಾಡುತ್ತದೆ. ಉಲ್ಟಾ ತಪ್ಪನ್ನೂ ಹುಡುಕಿ, ಎಂದರೆ ಅಂಕಿಯ ಹಿಂದೆ ಬಂದ ಅನುಸ್ವಾರವನ್ನು: ‘೧೯೬ಂ’.

ಇನ್ನೊಂದು ಎಚ್ಚರ. ರಿಪ್ಲೇಸ್ ಫಂಕ್ಷನ್‌ಗೆ ಇಡೀ <ಪಠ್ಯ>ವನ್ನು ಕೊಟ್ಟರೆ ಒಳಗಿನ ಟ್ಯಾಗ್‌ಗಳೆಲ್ಲ ಹಾರಿಹೋಗಿ ಬರೀ ಅಕ್ಷರ ಉಳಿಯುತ್ತದೆ. ಪದ್ಯದ ಸಾಲು, ಅಡಿಟಿಪ್ಪಣಿ ಎಲ್ಲ ಕಲಸಿಹೋಗುತ್ತವೆ. ಆದ್ದರಿಂದ ಈ ಶುದ್ಧಿಯನ್ನು ಡೇಟಾಬೇಸ್ ಒಳಗೆ ಮಾಡುವ ಬದಲು ಮೂಲ ಫೈಲ್‌ಗಳ ಮೇಲೆ, ಅವನ್ನು ಬರೀ ಅಕ್ಷರದ ಸಾಲು ಎಂದು ಓದುವ ಸಣ್ಣ ಸ್ಕ್ರಿಪ್ಟ್‌ನಲ್ಲಿ ಮಾಡಿ. ನಿಮ್ಮ ವಿಷಯದಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಇದೆ. ಅಂಗಡಿಯ ಫೈಲ್‌ನಲ್ಲಿ ಟ್ಯಾಗೇ <ಸ೦ಪುಟ> ಎಂದಿದೆ, ಸೊನ್ನೆಯ ಜೊತೆ! ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್ ಹೆಸರಿನ ನಡುವೆ ಅಂಕಿ ಬರಬಹುದು. ಹಾಗಾಗಿ ಯಾವ ಪಾರ್ಸರೂ (ಎಕ್ಸ್‌ಎಂಎಲ್ ಓದುವ ತಂತ್ರಾಂಶ) ತಕರಾರು ಮಾಡಿಲ್ಲ. ನಿಮ್ಮ ಡೇಟಾಬೇಸ್‌ನಲ್ಲಿ ಈಗ ‘ಸಂಪುಟ’ ಎಂಬ ಎರಡು ಬೇರೆ ಟ್ಯಾಗ್‌ಗಳಿವೆ, ನೋಡಲು ಒಂದೇ. ಎಲ್ಲ ಟ್ಯಾಗ್ ಹೆಸರುಗಳ ಪಟ್ಟಿ ತೆಗೆದರೆ ಇದು ಥಟ್ಟನೆ ಸಿಗುತ್ತದೆ:

ಡಿಸ್ಟಿಂಕ್ಟ್-ವ್ಯಾಲ್ಯೂಸ್(//*/ನೇಮ್())

ಒಂದೇ ಹೆಸರು ಎರಡು ಸಲ ಕಂಡರೆ ಅಲ್ಲಿ ಏನೋ ಇದೆ ಅಂತಲೇ ಅರ್ಥ. ಯಾರೇ ಡೇಟಾ ಕೊಟ್ಟರೂ ನಾನು ಮೊದಲು ಓಡಿಸುವ ಕ್ವೆರಿ ಇದು.

ಕಣ್ಣಿಗೆ ಕಾಣದ ಇನ್ನೊಂದು ಅಕ್ಷರದ ಬಗ್ಗೆ ಚುಟುಕಾಗಿ. ‘ಲೋಕಲ್‌ನಲ್ಲಿ’ ಎಂದು ಬರೆಯುವಾಗ ‘ಲ್’ ಮತ್ತು ‘ನ’ ಒತ್ತಾಗಿ ಸೇರದಂತೆ ನಡುವೆ ಒಂದು ಕಾಣದ ಗುರುತು ಹಾಕುತ್ತೇವೆ. ಅದರ ಸಂಖ್ಯೆ 8204. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎನ್‌ಎಫ್‌ಸಿ ಇದನ್ನೂ ತೆಗೆಯುವುದಿಲ್ಲ. ಮೂಲ ಪಠ್ಯದಿಂದ ಅದನ್ನು ಕಿತ್ತುಹಾಕಬೇಡಿ, ಪುಟದಲ್ಲಿ ಪದದ ರೂಪವೇ ಕೆಡುತ್ತದೆ. ಹುಡುಕಾಟಕ್ಕೆ ಬೇರೆ ಫೀಲ್ಡ್ ಇಟ್ಟು, ಅಲ್ಲಿ ಮಾತ್ರ ತೆಗೆಯಿರಿ. ಸದಸ್ಯರು ಟೈಪ್ ಮಾಡಿದ ಪದದಿಂದಲೂ ಅದನ್ನು ತೆಗೆದೇ ಹೋಲಿಸಿ.

ಹಳೆಯ ‘ನುಡಿ’ ತಂತ್ರಾಂಶದ ಅಥವಾ ನಮ್ಮ ಪುಣೆಯ ಶ್ರೀಲಿಪಿಯ ಯೂನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಸಂಘದ ಕಪಾಟಿನಲ್ಲಿ ಇನ್ನೂ ಇದ್ದರೆ, ಅವು ಬೇರೆಯದೇ ಕೆಲಸ. ಅವನ್ನು ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿ, ಓದಿ ತಿದ್ದಿ, ಆಮೇಲೆ ಈ ಶುದ್ಧಿಗೆ ಹಚ್ಚಿ.

ಎರಡನೇ ತೊಂದರೆ: ಮೂರನೇ ಕಂತು ಪೂರ್ತಿ ಮೌನ. ಆ ಫೈಲ್‌ನ ಮೊದಲ ಟ್ಯಾಗ್ ನೋಡಿದರೆ ಅದರೊಳಗೆ ನೇಮ್‌ಸ್ಪೇಸ್‌ನ (ಟ್ಯಾಗ್ ಯಾವ ಗುಂಪಿಗೆ ಸೇರಿದ್ದು ಎಂದು ಹೇಳುವ ಹೆಸರಿನ) ಒಂದು ಸಾಲು ಕೂತಿದೆ. ಎಡಿಟರ್ ತಾನಾಗಿ ಹಾಕಿರಬೇಕು. ಆ ಸಾಲು ಇದ್ದರೆ ಒಳಗಿನ ಪ್ರತಿಯೊಂದು ಟ್ಯಾಗ್‌ನ ಪೂರ್ಣ ಹೆಸರು ಬದಲಾಗುತ್ತದೆ. ಊರು ಒಂದೇ ಇದ್ದರೂ ತಾಲ್ಲೂಕು ಬೇರೆಯಾದರೆ ಕಾಗದ ತಲುಪುವುದಿಲ್ಲವಲ್ಲ, ಹಾಗೆ. ನೀವು //ಲೇಖನ ಎಂದು ಕೇಳುತ್ತೀರಿ, ಅಂದರೆ ಯಾವ ನೇಮ್‌ಸ್ಪೇಸೂ ಇಲ್ಲದ ಲೇಖನ. ಮೂರನೇ ಕಂತಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಇಲ್ಲದ್ದನ್ನು ಕೇಳಿದರೆ ಎಕ್ಸ್‌ಕ್ವೆರಿ ಖಾಲಿ ಉತ್ತರ ಕೊಡುತ್ತದೆ. ಅದರ ನಿಯಮದಲ್ಲಿ ಇದು ತಪ್ಪಲ್ಲ, ಆದ್ದರಿಂದ ಎರರ್ ಇಲ್ಲ. ಹೊಸಬರನ್ನು ಅತಿ ಹೆಚ್ಚು ಕಾಡುವ ಗುಣ ಇದೇ ಇರಬೇಕು.

ಪರೀಕ್ಷೆಗೆ //*:ಲೇಖನ ಎಂದು ಕೇಳಿ ನೋಡಿ. ಯಾವ ನೇಮ್‌ಸ್ಪೇಸ್ ಆದರೂ ಸರಿ ಎಂದು ಅರ್ಥ. ಲೇಖನಗಳು ದಬದಬ ಬಂದರೆ ಕಾರಣ ಖಚಿತವಾಯಿತು. ಆದರೆ ಇದನ್ನೇ ಖಾಯಂ ಮಾಡಿಕೊಳ್ಳಬೇಡಿ. ಇಂಡೆಕ್ಸ್ ಕಟ್ಟುವುದು ಪೂರ್ಣ ಹೆಸರಿನ ಮೇಲೆ. ನಕ್ಷತ್ರ ಹಾಕಿ ಕೇಳಿದರೆ ಅದು ಕೈ ಕೊಡಬಹುದು. ನಿಮ್ಮಲ್ಲಿ ಎರಡು ಕಂತು ನೇಮ್‌ಸ್ಪೇಸ್ ಇಲ್ಲದೆ ಇವೆ, ಒಂದೇ ಕಂತಿನಲ್ಲಿ ಇದೆ. ಆ ಒಂದು ಸಾಲನ್ನು ಮೂರನೇ ಕಂತಿನಿಂದ ತೆಗೆದು ಮತ್ತೆ ಲೋಡ್ ಮಾಡಿ. ಮುಂದೆ ಬೇರೆ ಸಂಸ್ಥೆಗಳ ಜೊತೆ ಡೇಟಾ ಹಂಚಿಕೊಳ್ಳುವ ಯೋಚನೆ ಇದ್ದರೆ ಟಿಇಐ ಎಂಬ, ಗ್ರಂಥಪಠ್ಯಗಳಿಗಾಗಿ ಇರುವ ಎಕ್ಸ್‌ಎಂಎಲ್ ಮಾದರಿಗೆ, ಅದರ ನೇಮ್‌ಸ್ಪೇಸ್ ಸಮೇತ, ಎಲ್ಲವನ್ನೂ ಬದಲಿಸಬಹುದು. ಅದು ರಾಜ್ಯೋತ್ಸವದ ಮುಂಚೆ ಮಾಡುವ ಕೆಲಸವಲ್ಲ.

ಖಾಲಿ ಉತ್ತರಕ್ಕೆ, ತಪ್ಪು ಉತ್ತರಕ್ಕೆ ಬೇರೆ ಕಾರಣಗಳೂ ಇವೆ. ನಿಮ್ಮ ಕ್ವೆರಿಗಳಲ್ಲಿ ಎರಡು ಕಂಡವು. ಒಂದು, //ಲೇಖನ[ಲೇಖಕ != "ಸಂಪಾದಕರು"]. ಸಂಪಾದಕರು ಬರೆಯದ ಲೇಖನ ಬೇಕು ಅಂತ ನಿಮ್ಮ ಆಸೆ. ಆದರೆ ಇದು ಕೊಡುವುದು, ‘ಸಂಪಾದಕರು’ ಅಲ್ಲದ ಒಬ್ಬರಾದರೂ ಲೇಖಕರಿರುವ ಲೇಖನ. ಸಂಪಾದಕರೂ ಇನ್ನೊಬ್ಬರೂ ಸೇರಿ ಬರೆದದ್ದು ಒಳಗೆ ನುಗ್ಗುತ್ತದೆ. ಲೇಖಕರ ಹೆಸರೇ ಇಲ್ಲದ್ದು ಬಿಟ್ಟುಹೋಗುತ್ತದೆ. ‘ನಾಟ್’ ಒಳಗೆ ಸಮ ಚಿಹ್ನೆ ಹಾಕಿ ಬರೆಯಿರಿ: [ನಾಟ್(ಲೇಖಕ = "ಸಂಪಾದಕರು")]. ಎರಡು, //ಲೇಖನ[1] ಎಂದರೆ ಇಡೀ ಸಂಗ್ರಹದ ಮೊದಲ ಲೇಖನ ಅಲ್ಲ. ಪ್ರತಿ ಸಂಚಿಕೆಯ ಮೊದಲ ಲೇಖನ. ಒಂದೇ ಬೇಕಿದ್ದರೆ (//ಲೇಖನ)[1] ಎಂದು ಕಂಸ ಹಾಕಬೇಕು.

ಇಸವಿಯದ್ದೂ ಒಂದು ಮಾತು. ನಿಮ್ಮ ಸಂಚಿಕೆಗಳಲ್ಲಿ ವರ್ಷ ‘1956’, ‘೧೯೫೬’, ಅಂಗಡಿಯ ಕೆಲವು ಕಡೆ ಮರಾಠಿ ಕೀಬೋರ್ಡಿನ ದೇವನಾಗರಿ ಅಂಕಿ, ಹೀಗೆ ಮೂರು ಥರ ಇದೆ. ಎಕ್ಸ್‌ಕ್ವೆರಿಗೆ ಇಂಟಿಜರ್ ಅಂದರೆ 0ಯಿಂದ 9ರ ಅಂಕಿ ಮಾತ್ರ. ‘೧೯೫೬’ ಕೊಟ್ಟರೆ ಎರರ್ ಎಸೆದು ಇಡೀ ಕ್ವೆರಿ ನಿಲ್ಲುತ್ತದೆ. ಓದುಗರಿಗೆ ಕಾಣುವ ವರ್ಷ ಮೂಲದಲ್ಲಿ ಇದ್ದ ಹಾಗೇ ಇರಲಿ. ಲೆಕ್ಕಕ್ಕೆ ಒಂದು ಆಟ್ರಿಬ್ಯೂಟ್ ಬೇರೆ ಇಡಿ:

ಟ್ರಾನ್ಸ್‌ಲೇಟ್($ವರ್ಷ, "೦೧೨೩೪೫೬೭೮೯", "0123456789")

ದೇವನಾಗರಿ ಅಂಕಿಗಳಿಗೂ ಇದೇ ಥರ ಇನ್ನೊಂದು.

ಈಗ ನಿಧಾನದ ವಿಷಯ. ನೀವು ಕಳಿಸಿದ ಕ್ವೆರಿ ಇದು:

//ಲೇಖನ[ಕಂಟೇನ್ಸ್(ಲೋವರ್-ಕೇಸ್(ಪಠ್ಯ), "ಕೊಂಕಣ")]

ಇಂಗ್ಲಿಷ್ ಉದಾಹರಣೆಯಿಂದ ಎತ್ತಿದ್ದು ಅಂತ ಗೊತ್ತಾಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲವೇ ಇಲ್ಲ. ಆ ಲೋವರ್-ಕೇಸ್‌ನಿಂದ ಏನೂ ಲಾಭವಿಲ್ಲ, ನಷ್ಟ ಮಾತ್ರ ಇದೆ. ಇಂಡೆಕ್ಸ್ ಕಟ್ಟಿರುವುದು ‘ಪಠ್ಯ’ದ ಮೇಲೆ. ನೀವು ಕೇಳುತ್ತಿರುವುದು ‘ಪಠ್ಯವನ್ನು ಒಂದು ಫಂಕ್ಷನ್‌ಗೆ ಹಾಕಿ ತೆಗೆದದ್ದರ’ ಬಗ್ಗೆ. ಹಾಗಾಗಿ ಇಂಡೆಕ್ಸ್ ಪಕ್ಕಕ್ಕೆ ಸರಿಯುತ್ತದೆ. ಡೇಟಾಬೇಸ್ 4,000 ಲೇಖನಗಳನ್ನೂ ಮೊದಲಿನಿಂದ ಕೊನೆವರೆಗೆ ಓದುತ್ತದೆ. ಉದ್ದದ ಗದ್ಯದಲ್ಲಿ ಪದ ಹುಡುಕಲು ಕಂಟೇನ್ಸ್ ಸರಿಯಾದ ಉಪಕರಣವೂ ಅಲ್ಲ. ಎಕ್ಸಿಸ್ಟ್‌ನೊಳಗೆ ಲೂಸೀನ್ ಎಂಬ ಪೂರ್ಣಪಠ್ಯ ಹುಡುಕಾಟದ ಯಂತ್ರ ಇದೆ. ಅದರ ಇಂಡೆಕ್ಸ್ ಹಾಕಿ, ಎಫ್‌ಟಿ:ಕ್ವೆರಿ ಫಂಕ್ಷನ್‌ನಿಂದ ಕೇಳಿ. ಶೀರ್ಷಿಕೆ, ಲೇಖಕರ ಹೆಸರು, ವರ್ಷ, ಇಂಥ ಚಿಕ್ಕ ಚಿಕ್ಕ ಮೌಲ್ಯಗಳಿಗೆ ರೇಂಜ್ ಇಂಡೆಕ್ಸ್ ಸಾಕು.

“ಇಂಡೆಕ್ಸ್ ಹಾಕಿದೆವಲ್ಲ” ಅನ್ನುತ್ತೀರಿ. ಹಾಕಿದ ಫೈಲ್ ಎಲ್ಲಿದೆ? ಆ ಕಾನ್ಫಿಗರೇಶನ್ ಫೈಲನ್ನು ಡೇಟಾದ ಪಕ್ಕದಲ್ಲಿ ಇಟ್ಟರೆ ಎಕ್ಸಿಸ್ಟ್ ಅದನ್ನು ನೋಡುವುದಿಲ್ಲ. ಸಿಸ್ಟಂ ಕಲೆಕ್ಷನ್‌ನ ಕಾನ್ಫಿಗ್ ಕೆಳಗೆ, ನಿಮ್ಮ ಡೇಟಾದ ದಾರಿಯನ್ನೇ ಮತ್ತೆ ಕಟ್ಟಿ, ಅಲ್ಲಿ ಇಡಬೇಕು. ಇಟ್ಟ ಮೇಲೆ ಹೊಸದಾಗಿ ಬರುವ ಫೈಲ್‌ಗಳಿಗೆ ಮಾತ್ರ ಇಂಡೆಕ್ಸ್ ತಾನಾಗಿ ಆಗುತ್ತದೆ. ಮೊದಲೇ ಇದ್ದವುಗಳಿಗೆ ರೀಇಂಡೆಕ್ಸ್ ಮಾಡಲೇಬೇಕು. ನೇಮ್‌ಸ್ಪೇಸ್ ಇರುವ ಟ್ಯಾಗ್‌ಗೆ ಇಂಡೆಕ್ಸ್ ಬೇಕಿದ್ದರೆ ಅದೇ ಫೈಲ್‌ನಲ್ಲಿ ಅದನ್ನು ಘೋಷಿಸಿರಬೇಕು. ಇಂಡೆಕ್ಸ್ ನಿಜವಾಗಿ ಬಳಕೆಯಾಗುತ್ತಿದೆಯೋ ಇಲ್ಲವೋ ಎಂದು ಮೋನೆಕ್ಸ್ ಎಂಬ ಆ್ಯಪ್‌ನ ಪ್ರೊಫೈಲರ್‌ನಲ್ಲಿ ನೋಡಬಹುದು. ಊಹೆ ಮಾಡುತ್ತ ಕೂರಬೇಡಿ, ಅಲ್ಲಿ ನೋಡಿ.

ನಿಮ್ಮ ಇನ್ನೊಂದು ಕ್ವೆರಿ ಇನ್ನೂ ಭಾರ. ಪ್ರತಿ ಲೇಖನಕ್ಕೂ ಅದರ ಲೇಖಕರ ಪರಿಚಯ ಹುಡುಕಲು ಲೂಪ್ ಒಳಗೆ //ಲೇಖಕ-ಪರಿಚಯ[@ಗುರುತು = $ಲೇಖನ/@ಲೇಖಕ] ಎಂದು ಬರೆದಿದ್ದೀರಿ. ಇಂಡೆಕ್ಸ್ ಇಲ್ಲದೆ ಇದು 4,000 ಗುಣಿಸು 900, ಅಂದರೆ 36 ಲಕ್ಷ ಹೋಲಿಕೆ. @ಗುರುತು ಮೇಲೆ ರೇಂಜ್ ಇಂಡೆಕ್ಸ್ ಹಾಕಿ. ಅಥವಾ ಲೂಪಿನ ಮುಂಚೆಯೇ 900 ಲೇಖಕರದ್ದು ಒಂದು ಮ್ಯಾಪ್ (ಗುರುತು ಕೊಟ್ಟರೆ ಪರಿಚಯ ಕೊಡುವ ಪಟ್ಟಿ) ಮಾಡಿಕೊಳ್ಳಿ. ಎಕ್ಸ್‌ಕ್ವೆರಿ 3.1ರಲ್ಲಿ ಆ ಅನುಕೂಲ ಇದೆ, 2017ರಿಂದ ಅದು ಡಬ್ಲ್ಯು3ಸಿ ಶಿಫಾರಸು. ಜೊತೆಗೆ, ಸಿಕ್ಕಿದ್ದನ್ನೆಲ್ಲ ಒಂದೇ ಪುಟದಲ್ಲಿ ಸುರಿಯಬೇಡಿ. ಒಟ್ಟು ಎಷ್ಟು ಅಂತ ಹೇಳಿ, 20-20 ತೋರಿಸಿ.

ರ‍್ಯಾಮ್ ಬಗ್ಗೆ: 4,000 ಲೇಖನ ಅಂದರೆ ಇಂಥ ಡೇಟಾಬೇಸ್‌ಗೆ ಸಣ್ಣ ತುತ್ತು. ಜಾವಾಕ್ಕೆ ಕೊಟ್ಟ ಮೆಮೊರಿ ತೀರಾ ಕಡಿಮೆ ಇದ್ದರೆ ಹೆಚ್ಚಿಸಿ, ತಪ್ಪಿಲ್ಲ. ಆದರೆ 36 ಲಕ್ಷ ಹೋಲಿಕೆಯನ್ನು ಮೆಮೊರಿ ಕಡಿಮೆ ಮಾಡುವುದಿಲ್ಲ. ದುಡ್ಡು ಖರ್ಚು ಮಾಡುವ ಮುಂಚೆ ಕ್ವೆರಿ ಸರಿಮಾಡಿ.

ಇಷ್ಟಾದರೆ ‘ಕೊಂಕಣ’ ಸಿಗುತ್ತದೆ. ‘ಕೊಂಕಣದಲ್ಲಿ’, ‘ಕೊಂಕಣಕ್ಕೆ’? ಇದು ನಮ್ಮ ಭಾಷೆಯ ಸ್ವಭಾವದ ಪ್ರಶ್ನೆ. ಲೂಸೀನ್‌ನ ಸ್ಟಾಂಡರ್ಡ್ ಅನಲೈಸರ್ ಪದಗಳನ್ನು ಬಿಡಿಸುತ್ತದೆ, ವಿಭಕ್ತಿ ಪ್ರತ್ಯಯಗಳನ್ನು ಬಿಡಿಸುವುದಿಲ್ಲ. ‘ಕೊಂಕಣ*’ ಎಂದು ಕೊನೆಗೆ ನಕ್ಷತ್ರ ಹಾಕಿದರೆ ಇವೆಲ್ಲ ಬರುತ್ತವೆ. ‘ಊರು*’ ಎಂದು ಹಾಕಿದರೆ ಮಾತ್ರ ‘ಊರಿನಲ್ಲಿ’ ಬರುವುದಿಲ್ಲ, ಕೊನೆಯ ‘ು’ ಲೋಪವಾಗಿ ಅಲ್ಲಿ ‘ಿ’ ಬಂದಿದೆ. ಇದಕ್ಕೆ ಒಂದು ಚೆಂದದ ಉಪಾಯ ಇದೆ. ಕೊನೆಯ ಸ್ವರಚಿಹ್ನೆ ತೆಗೆದು ‘ಊರ*’ ಎಂದು ಹುಡುಕಿ. ಯೂನಿಕೋಡ್‌ನಲ್ಲಿ ‘ರು’ ಅಂದರೆ ‘ರ’ದ ಮುಂದೆ ‘ು’, ‘ರಿ’ ಅಂದರೆ ‘ರ’ದ ಮುಂದೆ ‘ಿ’. ಆದ್ದರಿಂದ ಊರು, ಊರಿನ, ಊರಿಗೆ, ಊರೂರು ಎಲ್ಲ ‘ಊರ’ದಿಂದಲೇ ಶುರು. ‘ಊರ್ಮಿಳೆ’ಯೂ ಜೊತೆಗೆ ಬರುತ್ತಾಳೆ. ಅದನ್ನು ತಡೆಯಲು ಹೋಗಿ ಬೇಕಾದ್ದನ್ನು ಬಿಡುವುದಕ್ಕಿಂತ ಒಂದೆರಡು ಬೇಡದ್ದು ಬರುವುದೇ ಮೇಲು. ಸಂಘದ ಹಳೆಯ ಸಂಚಿಕೆ ಹುಡುಕುವವರು ತಾಳ್ಮೆಯಿಂದ ಕಣ್ಣಾಡಿಸುತ್ತಾರೆ.

ಕಾಗುಣಿತದ ವ್ಯತ್ಯಾಸಕ್ಕೆ ಯಂತ್ರದ ಹತ್ತಿರ ಉತ್ತರ ಇಲ್ಲ. ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ ಎಲ್ಲ ಒಂದೇ ಊರು ಅಂತ ನಾವೇ ಹೇಳಿಕೊಡಬೇಕು. ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಇಂಥ ಗುಂಪುಗಳನ್ನು ಬರೆದಿಡಿ. ಹುಡುಕುವ ಮುಂಚೆ ಅದನ್ನು ನೋಡಿ ಎಲ್ಲ ರೂಪಗಳನ್ನೂ ಸೇರಿಸಿ ಕೇಳಿ. ಈ ಪಟ್ಟಿ ಮಾಡಲು ಪ್ರೋಗ್ರಾಮರ್ ಬೇಡ, ಸಂಘದ ಹಳೆಯ ಓದುಗರು ಬೇಕು. ಮಾಟುಂಗ, ಮಾಟುಂಗಾ, ಠಾಣೆ, ಥಾಣೆ ಎಂದು ಅವರ ಬಾಯಲ್ಲಿ ಪಟಪಟ ಬರುತ್ತದೆ. ಇಡೀ ಯೋಜನೆಯಲ್ಲಿ ಅತಿ ಬೆಲೆಬಾಳುವ ಫೈಲ್ ಅದೇ ಆಗುತ್ತದೆ ಅಂತ ನನ್ನ ನಂಬಿಕೆ.

ಅಕಾರಾದಿ ಸೂಚಿ ಮಾಡುವಾಗ ‘ಳ’ ಎಲ್ಲಿ ಬರುತ್ತದೆ ಗಮನಿಸಿ. ನಾವು ಕಲಿತದ್ದು ಯ ರ ಲ ವ ಶ ಷ ಸ ಹ ಳ. ಯೂನಿಕೋಡ್‌ನ ಸಂಖ್ಯೆಗಳಲ್ಲಿ ‘ಳ’ ಇರುವುದು ‘ಲ’ದ ಬೆನ್ನಿಗೆ, ‘ವ’ದ ಮುಂಚೆ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಇಟ್ಟಿದ್ದ ಇಸ್ಕಿ ಸಂಕೇತದಿಂದ ಬಂದ ಕ್ರಮ ಅದು. ಸುಮ್ನೆ ‘ಆರ್ಡರ್ ಬೈ’ ಹಾಕಿದರೆ ಆ ಕ್ರಮವೇ ಬರುತ್ತದೆ. ವರ್ಣಮಾಲೆಯ ಕ್ರಮ ಬೇಕಿದ್ದರೆ ಹೋಲಿಕೆಗೆ ಬೇರೆ ಕೀಲಿ ಮಾಡಿಕೊಳ್ಳಬೇಕು. ಮೊದಲ ಪ್ರದರ್ಶನಕ್ಕೆ ಇದು ಕಾಯಬಹುದು.

ಉಪಕರಣ ಕಟ್ಟುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ಸ್ವಲ್ಪ ಬೇರೆ. ನೀವು ಹುಡುಕುವ ಪುಟದಿಂದ ಶುರು ಮಾಡಬೇಕು ಅಂದುಕೊಂಡಿದ್ದೀರಿ. ಮೊದಲು ತಪಾಸಣೆಯ ಪುಟ ಮಾಡಿ. ಒಂದು ಬಟನ್ ಒತ್ತಿದರೆ ಟ್ಯಾಗ್ ಹೆಸರುಗಳ ಪಟ್ಟಿ, ನೇಮ್‌ಸ್ಪೇಸ್‌ಗಳ ಪಟ್ಟಿ, ಅಕ್ಷರದ ಹಿಂದೆ ಸೊನ್ನೆ ಇರುವ ಜಾಗಗಳು, ಅಂಕಿಯಾಗದ ವರ್ಷಗಳು, ಲೇಖಕರಿಲ್ಲದ ಲೇಖನಗಳು, ಎಲ್ಲ ಒಂದೇ ಕಡೆ ಕಾಣಬೇಕು. ಒಂದು ವಾರಾಂತ್ಯದ ಕೆಲಸ. ಆಮೇಲೆ ಸೇರಿಸುವ ಫಾರಂ. ಅದರಲ್ಲಿ ‘ಉಳಿಸು’ ಒತ್ತಿದಾಗ ಮೊದಲು ನಾರ್ಮಲೈಜ್, ಆಮೇಲೆ ಸೊನ್ನೆ ತಿದ್ದುಪಡಿ, ಆಮೇಲೆ ಸ್ಕೀಮಾದ (ಯಾವ ಟ್ಯಾಗ್ ಎಲ್ಲಿ ಬರಬಹುದು ಎಂಬ ನಿಯಮಗಳ) ಪರೀಕ್ಷೆ, ಇದೆಲ್ಲ ದಾಟಿದರೆ ಮಾತ್ರ ಡೇಟಾಬೇಸ್ ಒಳಗೆ. ರಿಲ್ಯಾಕ್ಸ್ ಎನ್‌ಜಿ ಸ್ಕೀಮಾ ಬರೆಯುವುದು ಸುಲಭ, ಅದರಿಂದ <ಸ೦ಪುಟ> ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಹುಡುಕುವ ಪುಟ ಕೊನೆಗೆ. ಡೇಟಾ ಸ್ವಚ್ಛವಾಗಿದ್ದರೆ ಅದು ಮೂರರಲ್ಲಿ ಅತಿ ಚಿಕ್ಕದು. ಎಕ್ಸಿಸ್ಟ್‌ನಲ್ಲಿ ರೆಸ್ಟ್‌ಎಕ್ಸ್‌ಕ್ಯೂ ಬಳಸಿದರೆ ಒಂದು ಫಂಕ್ಷನ್ ಮೇಲೆ ವಿಳಾಸ ಬರೆದಿಟ್ಟರೆ ಸಾಕು, ಅದೇ ವೆಬ್ ಪುಟವಾಗುತ್ತದೆ.

ಆ ಪುಟದಲ್ಲಿ ಒಂದು ಅಪಾಯ ಇದೆ, ಗಂಭೀರವಾಗಿ ತೆಗೆದುಕೊಳ್ಳಿ. ಸದಸ್ಯರು ಟೈಪ್ ಮಾಡಿದ ಪದವನ್ನು ಕ್ವೆರಿಯ ಸಾಲಿಗೆ ಅಂಟಿಸಿ, ಯುಟಿಲ್:ಇವ್ಯಾಲ್ ಎಂಬ ಫಂಕ್ಷನ್‌ನಿಂದ ಓಡಿಸುವ ಉದಾಹರಣೆಗಳು ಸಿಗುತ್ತವೆ. ಹಾಗೆ ಮಾಡಲೇಬೇಡಿ. ಕಿಡಿಗೇಡಿಯೊಬ್ಬ ಪದದ ಬದಲು ಕ್ವೆರಿಯ ತುಣುಕನ್ನೇ ಹಾಕಿ ನಿಮ್ಮ ಸಂಗ್ರಹವನ್ನೇ ಅಳಿಸಬಹುದು. ಪದವನ್ನು ವೇರಿಯಬಲ್ ಆಗಿಯೇ ಕೊಡಿ. ಲೂಸೀನ್‌ಗೆ ಕಂಸ, ಕೋಲನ್, ಉದ್ಧರಣ ಚಿಹ್ನೆಗಳಿಗೆ ವಿಶೇಷ ಅರ್ಥ ಇದೆ. ಅವನ್ನು ತೆಗೆದು ಕೊಡದಿದ್ದರೆ, ಯಾರೋ ಒಂದು ಕಂಸ ಟೈಪ್ ಮಾಡಿದ ಕೂಡಲೆ ಪುಟ ಎರರ್ ಕಾರುತ್ತದೆ. ಇನ್ನು, ಹೊಸದಾಗಿ ಹಾಕಿದ ಎಕ್ಸಿಸ್ಟ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಖಾಲಿ ಇರುತ್ತದೆ. ಈಗಲೇ ಬದಲಿಸಿ.

ಬೇರೆ ದಾರಿಗಳನ್ನೂ ಹೇಳಬೇಕು, ನೀವು ಕೇಳಿದ್ದೇ ಅದು. ಪೋಸ್ಟ್‌ಗ್ರೆಸ್ಕ್ಯೂಎಲ್ ಒಳ್ಳೆಯ ಡೇಟಾಬೇಸ್. ಶೀರ್ಷಿಕೆ, ಲೇಖಕ, ವರ್ಷ, ಪುಟ, ಇಷ್ಟರ ಪಟ್ಟಿ ಮಾತ್ರ ಸಾಕಿದ್ದರೆ ಅದೇ ಸುಲಭ. ಕಲಿತವರೂ ಬೇಕಾದಷ್ಟು ಸಿಗುತ್ತಾರೆ. ಆದರೆ ನಿಮ್ಮಲ್ಲಿ ಪದ್ಯ ಇದೆ, ನಾಟಕ ಇದೆ, ಗದ್ಯದ ನಡುವೆ ಮರಾಠಿ ಸಾಲು, ಅಡಿಟಿಪ್ಪಣಿ ಇದೆ. ಅದನ್ನು ಕೋಷ್ಟಕಕ್ಕೆ ಇಳಿಸಿದರೆ ಬಹಳ ಕಳೆದುಹೋಗುತ್ತದೆ. ಅದರಲ್ಲಿ ಎಕ್ಸ್‌ಎಂಎಲ್ ಕಾಲಂ ಇಡಬಹುದು ನಿಜ. ಅಲ್ಲಿ ಇರುವುದು ಎಕ್ಸ್‌ಪಾತ್ 1.0 (ಟ್ಯಾಗ್‌ಗಳ ದಾರಿ ಹಿಡಿದು ಹುಡುಕುವ ಭಾಷೆಯ ಹಳೆಯ ಆವೃತ್ತಿ) ಮಾತ್ರ, ಆ ಕಾಲಂ ಮೇಲೆ ನೇರವಾಗಿ ಇಂಡೆಕ್ಸ್ ಕಟ್ಟಲೂ ಆಗದು. ಬೇಸ್‌ಎಕ್ಸ್ ಇನ್ನೊಂದು ಎಕ್ಸ್‌ಎಂಎಲ್ ಡೇಟಾಬೇಸ್, ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಹಗುರ, ಒಬ್ಬರೇ ಕೂತು ಕ್ವೆರಿ ಕಲಿಯಲು ಚೆನ್ನಾಗಿದೆ. ನಿಮ್ಮ ಕ್ವೆರಿಯನ್ನು ಅದು ಹೇಗೆ ಬದಲಿಸಿಕೊಂಡಿತು, ಇಂಡೆಕ್ಸ್ ಬಳಸಿತಾ ಅನ್ನುವುದನ್ನು ಪಕ್ಕದಲ್ಲೇ ತೋರಿಸುತ್ತದೆ. ಅದಕ್ಕೆ ಹೋಗುವುದಾದರೆ ಪೂರ್ಣಪಠ್ಯ ಹುಡುಕಾಟವನ್ನು ಕನ್ನಡದ ಒಂದಿಪ್ಪತ್ತು ಪದಗಳಲ್ಲಿ ಮೊದಲು ಪರೀಕ್ಷಿಸಿ ನೋಡಿ.

ಎಕ್ಸಿಸ್ಟ್‌ನಲ್ಲೇ ಉಳಿದರೆ ಇರುವ ನಿಜವಾದ ಅಪಾಯ ಜನರದ್ದು. ಎಕ್ಸ್‌ಕ್ವೆರಿ ಬಲ್ಲವರು ಕಡಿಮೆ. ಸಂಘದಲ್ಲಿ ನೀವೊಬ್ಬರೇ ಬಲ್ಲವರಾಗಿ, ನಾಳೆ ನೀವು ಊರು ಬಿಟ್ಟರೆ ಎಲ್ಲ ನಿಲ್ಲುತ್ತದೆ. ಇನ್ನೊಬ್ಬರಿಗೆ ಈಗಲೇ ಕಲಿಸಿ. ಮೂಲ ಫೈಲ್‌ಗಳನ್ನು ಡೇಟಾಬೇಸ್ ಹೊರಗೆ, ಗಿಟ್‌ನಲ್ಲಿ (ಪ್ರತಿ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ) ಇಡಿ. ಡೇಟಾಬೇಸ್ ಎಂದರೆ ಅವುಗಳಿಂದ ಯಾವಾಗ ಬೇಕಾದರೂ ಮತ್ತೆ ಕಟ್ಟಬಹುದಾದದ್ದು, ಅಷ್ಟೇ ಆಗಿರಲಿ. ಹಾಗಿದ್ದರೆ ಮುಂದೆ ಬೇರೆ ಡೇಟಾಬೇಸ್‌ಗೆ ಹೋಗುವುದೂ ಕಷ್ಟವಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯಂತ್ರ ತಟ್ಟನೆ ನಿಂತರೂ ಭಯವಿಲ್ಲ. ಬ್ಯಾಕಪ್ ತೆಗೆಯುವಾಗ ಎಕ್ಸಿಸ್ಟ್‌ನದ್ದೇ ಬ್ಯಾಕಪ್ ಬಳಸಿ. ಅದು ಓಡುತ್ತಿರುವಾಗ ಡೇಟಾ ಫೋಲ್ಡರನ್ನು ಹಾಗೇ ನಕಲು ಮಾಡಿಟ್ಟರೆ ಆ ನಕಲು ತೆರೆಯದೇ ಇರಬಹುದು.

ನಾಳೆ ಕೂತರೆ ಮೂರನೇ ಕಂತಿನ ನೇಮ್‌ಸ್ಪೇಸ್ ಸಾಲು ತೆಗೆದು ಮತ್ತೆ ಲೋಡ್ ಮಾಡಿ, ಅರ್ಧ ಗಂಟೆಯಲ್ಲಿ ಫಲ ಕಾಣುತ್ತದೆ, ಉತ್ಸಾಹವೂ ಬರುತ್ತದೆ. ಆಮೇಲೆ ಲೋವರ್-ಕೇಸ್ ತೆಗೆದು, ಲೂಸೀನ್ ಇಂಡೆಕ್ಸ್ ಹಾಕಿ ರೀಇಂಡೆಕ್ಸ್ ಮಾಡಿ. ಸೊನ್ನೆಯ ಪಟ್ಟಿ ಓದಲು ಇಬ್ಬರು ಹಿರಿಯರನ್ನು ಕೂರಿಸಿಕೊಳ್ಳಿ. ಇಷ್ಟಾದ ಮೇಲೂ ನಿಧಾನ ಅನ್ನಿಸಿದರೆ ನನಗೆ ಮತ್ತೆ ಬರೆಯಿರಿ. ಆಗ ಕ್ವೆರಿ ಪೂರ್ತಿ, ಇಂಡೆಕ್ಸ್‌ನ ಕಾನ್ಫಿಗರೇಶನ್ ಫೈಲ್, ಮೋನೆಕ್ಸ್ ತೋರಿಸಿದ ಸಮಯ ಮತ್ತು ಪ್ರತಿ ಕಂತಿನಿಂದ ಒಂದೊಂದು ಮೂಲ ಫೈಲ್ ಕಳಿಸಿ. ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿ 3202 ಯಾವುದು, 3302 ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ.